ಕಾಶಮ್ಮನ ಬಾರಿಹಣ್ಣಿನ ವಡಿ

ಮಳೆ ಕೈಕೊಟ್ಟ ಆ ವರ್ಷವೂ ಎಕಂಬಾ ಊರಿನ ಬಾರಿಗಿಡಗಳು, ಅಂದರೆ ಎಲಚಿ ಗಿಡಗಳು, ಟೊಂಗೆ ಬಾಗುವಷ್ಟು ಹಣ್ಣು ಬಿಟ್ಟಿದ್ದವು. ಪೌಷ್ಟಿಕ ಆಹಾರದ ಬಗ್ಗೆ ತಿಳಿಹೇಳಲು ಹೋಗಿದ್ದ ನನ್ನ ಮುಂದೆ ಆ ಊರಿನ ಕಾಶಮ್ಮ ಒಂದು ತಾಟು ಇಟ್ಟರು. ಬಾರಿಹಣ್ಣಿಗೆ ಉಪ್ಪು, ಖಾರ, ಬೆಲ್ಲ ಹಾಕಿ ಕುಟ್ಟಿ ಒಣಗಿಸಿದ ವಡಿಗಳು. ಮರುದಿನ ಮನೆಮಂದಿಯೆಲ್ಲ ಹೈದರಾಬಾದಿಗೆ ಕೂಲಿಗೆ ಹೊರಟಿದ್ದರು. ಅದು ದಾರಿಯ ಬುತ್ತಿ.

"ಇದರಾಗ ಆಂಟಿಆಕ್ಸಿಡೆಂಟ್ ಅಂತ ಇರ್ತದರಿ. ಮೈಯಾಗಿನ ಬಾವು ಕಡಿಮಿ ಮಾಡ್ತದಂತ," ಎಂದು ಶುರು ಮಾಡಿದೆ. ತರಬೇತಿಯಲ್ಲಿ ಕಲಿತದ್ದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ತಾಟು ಖಾಲಿ. ತಿಂದವಳು ನಾನೊಬ್ಬಳೇ.

ಕಾಶಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಲ್ರೀ ಮೇಡಂ, ನಿಮಗ ಬಾವು ಎಲ್ಲಿ ಬಂದದರಿ?"

ನಾಚಿ ಎದ್ದು ನಿಂತೆ. ಅವರು ನಗುತ್ತ ಡಬ್ಬಿಯಿಂದ ಇನ್ನೂ ನಾಲ್ಕು ವಡಿ ತೆಗೆದು ಕೈಗಿಟ್ಟರು. "ದಾರ್ಯಾಗ ಬಾವು ಬಂದ್ರ ಇರಲಿರಿ."

ಔರಾದಿಗೆ ಹೋಗುವ ಬಸ್ಸು ಹತ್ತುವ ಮೊದಲೇ ನನಗೆ ಆ ಬಾವು ಬಂದಿತ್ತು; ನಾಲ್ಕೂ ವಡಿ ಖಾಲಿ.