ಎರಡನೆಯ ರಿಮೋಟಿನಲ್ಲಿ ಇಲ್ಲದ ಗುಂಡಿ

ಸೋಲುವುದನ್ನು ಸಹಿಸದೆ ನಾನು ಆಟ ಅರ್ಧಕ್ಕೆ ಬಿಟ್ಟು ಓಡುತ್ತಿದ್ದೆನಂತೆ. ಮನೆಗೆ ಯಾರೇ ಬಂದರೂ ಅಣ್ಣ ಹೇಳುವ ಕಥೆ ಇದು. 'ಈಕಿ ಡಿಬೇಟಿನ್ಯಾಗ ಕಪ್ ತಂದಾಳ ಖರೆ, ಸಣ್ಣಾಕಿ ಇದ್ದಾಗ ಸೋಲೂ ಹೊತ್ತಿಗೆ ಎದ್ದು ಓಡ್ತಿದ್ಲು ನೋಡ್ರಿ!' ಕೇಳಿದವರು ನಗುತ್ತಾರೆ. ಎಲ್ಲಿಗೆ ಓಡುತ್ತಿದ್ದಳು ಎಂದು ಒಬ್ಬರೂ ಕೇಳಿಲ್ಲ.

ಮಗ್ಗದ ಕೋಣೆಗೆ. ಇಳಕಲ್ಲಿನ ನಮ್ಮ ಮನೆಯಲ್ಲಿ ಟಿ.ವಿ. ಇದ್ದ ಪಡಸಾಲೆಗೂ ಅಪ್ಪನ ಮಗ್ಗಕ್ಕೂ ನಡುವೆ ಒಂದೇ ಗೋಡೆ. ಲಾಳಿಯೊಳಗಿನ ಪುಟ್ಟ ಕೊಳವೆ, ಅಂದರೆ ಕಂಡಿಕೆಯ ನೂಲು ಮುಗಿಯುತ್ತ ಬಂದರೆ ಅವ್ವ ಕೂಗುತ್ತಿದ್ದಳು: 'ಏ ಹುಡುಗಿ, ಕಂಡಿಕಿ ಸುತ್ತು ಬಾ, ಮಗ್ಗ ನಿಲ್ತೈತಿ!' ಕೂಗು ಯಾವಾಗಲೂ ನನಗೇ. ಅಣ್ಣನಿಗೆ ಸುತ್ತಲು ಬರುವುದಿಲ್ಲವಂತೆ. ಕಲಿಸಿದ್ದರೆ ತಾನೇ ಬರುವುದು?

ಇನ್ನು ಟಿ.ವಿ.ಗೆ ಹಚ್ಚಿ ನಾನೂ ಅಣ್ಣನೂ ಆಡುತ್ತಿದ್ದ ವಿಡಿಯೋ ಗೇಮಿನ ಡಬ್ಬಿ. ಅದಕ್ಕೆ ಎರಡು ರಿಮೋಟು. ಒಂದನೆಯದರ ನಡುವೆ ಸ್ಟಾರ್ಟ್ ಗುಂಡಿ. ಒತ್ತಿದರೆ ಇಬ್ಬರ ಆಟವೂ ಇದ್ದಲ್ಲೇ ನಿಲ್ಲುತ್ತದೆ. ಎರಡನೆಯದರಲ್ಲಿ ಆ ಜಾಗ ಬೋಳು. ಹಳೆಯ ಆಟಗಳನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವವರು ಇದನ್ನು ಮುದ್ದಾದ ವಿಚಿತ್ರ ಎನ್ನುತ್ತಾರೆ. ಎಲ್ಲಿಯ ಮುದ್ದು? ಎರಡನೆಯವರಿಗೆ ಎದ್ದು ಹೋಗುವ ಕೆಲಸವೇ ಬರುವುದಿಲ್ಲ ಎಂದು ಅದನ್ನು ಮಾಡಿದವರಿಗೆ ಹೇಳಿದ್ದು ಯಾರು? ಗುಡ್ಡ ಏರುವ ಹಂತದಲ್ಲಿ ಪರದೆಯೂ ಅಣ್ಣನ ಸಿಪಾಯಿಯ ಜೊತೆ ಮೇಲೇರುತ್ತಿತ್ತು. ನಾನಿಲ್ಲದೆ ಕೆಳಗೇ ನಿಂತ ನನ್ನ ಸಿಪಾಯಿ ಪರದೆಯಾಚೆ ಉಳಿದು ಸಾಯುತ್ತಿದ್ದ.

'ಒಂದೀಟು ನಿಲ್ಲಸೋ ಅಣ್ಣಾ' ಎಂದು ಕೋಣೆಯಿಂದಲೇ ಕೂಗುತ್ತಿದ್ದೆ. ಬೆರಳಿಗೆ ರೇಷ್ಮೆಯ ಎಳೆ ಅಂಟಿಸಿಕೊಂಡು ವಾಪಸು ಬಂದರೆ ಅದೇ ಮಾತು: 'ನೀ ಸತ್ತಿ. ಇನ್ನ ಸುಮ್ನ ಕುಂತ ನೋಡು.'

ಹೋದ ವಾರ ನವನಗರದಲ್ಲಿರುವ ಅಣ್ಣನ ಮನೆಗೆ ಹೋಗಿದ್ದೆ. ಹಳೆಯದರಂತೆಯೇ ಮಾಡಿದ ಹೊಸ ಡಬ್ಬಿ ತರಿಸಿದ್ದ. 'ಆ ಬೋಳು ಜಾಗ ಸೈತ ಹಂಗ ಐತಿ ನೋಡು!' ಎಂದು ಹಿಗ್ಗಿ, ಎರಡನೆಯ ರಿಮೋಟನ್ನೇ ನನ್ನ ಕೈಗಿಟ್ಟ. 'ಓಡಬ್ಯಾಡ ಮತ್ತ.'

ಆಟ ರಂಗೇರಿತ್ತು. ಅಷ್ಟರಲ್ಲಿ ಅಣ್ಣನ ಹೆಂಡತಿ, ವೈನಿ, ಬಾಗಿಲಿಂದ ಕೂಗಿದರು: 'ರೀ, ಸಿಲಿಂಡರ್ ಬಂದೈತಿ, ಒಳಗ ಇಡಸ್ರಿ!' ಅಣ್ಣನ ಹೆಬ್ಬೆರಳು ತಾನಾಗಿಯೇ ನಡುವಿನ ಗುಂಡಿಗೆ ಹೋಯಿತು. ಅವನ ಸಿಪಾಯಿ ನಿಂತ. ಜಿಗಿಯುತ್ತಿದ್ದ ನನ್ನವನೂ ಗಾಳಿಯಲ್ಲೇ ನಿಂತ. ಅಣ್ಣ ಸಾವಕಾಶ ಎದ್ದು ಹೋದ, ಸಿಲಿಂಡರ್ ಇಡಿಸಿದ, ಒಂದು ತಂಬಿಗೆ ನೀರು ಕುಡಿದು ಬಂದ. ಪರದೆಯ ಮೇಲೆ ಯಾರೂ ಸತ್ತಿರಲಿಲ್ಲ.

ಅವನು ರಿಮೋಟು ಎತ್ತಿಕೊಳ್ಳುವ ಮೊದಲೇ ಕೇಳಿದೆ:

'ಅಣ್ಣಾ, ಅವ್ವ ನನ್ನ ಕರಿಯೂದು ನಿನಗೂ ಕೇಳಸ್ತಿತ್ತಲ್ಲ. ಆವಾಗ ಈ ಗುಂಡಿ ಯಾಕ ಒತ್ತಲಿಲ್ಲ ನೀ?'