ಟೂರಿಡ್‌ಳ ಎಡಗೈ

ಎಡಚರನ್ನು ಮೇಜಿನ ತುದಿಗೆ ನಿಲ್ಲಿಸುವುದು ಕಡಲತೀರದ ಹಳ್ಳಿ ಸ್ಕಾರ್‌ವೋಗಿನ ಮೀನು ಕಾರ್ಖಾನೆಯ ಪದ್ಧತಿ. ಇಲ್ಲವಾದರೆ ಕಾಡ್ ಮೀನು ಸೀಳುವಾಗ ಪಕ್ಕದವಳ ಮೊಣಕೈಗೆ ಬಡಿದು ಚಾಕು ಎಲ್ಲೆಲ್ಲಿಗೋ ಹೋಗುತ್ತದೆ. ಟೂರಿಡ್‌ಳ ಅಮ್ಮ ಮೂವತ್ತು ವರ್ಷ ಆ ತುದಿಯಲ್ಲೇ, ಬಾಗಿಲಿನ ಚಳಿಗಾಳಿಗೆ ಮೈಯೊಡ್ಡಿ ನಿಂತಿದ್ದಳು. ಮಗಳೂ ಎಡಚಿಯೇ. ಶಾಲೆಯ ಮೇಷ್ಟ್ರು ಅವಳನ್ನು ಅವಳ ಎಡಗೈ ಮೇಲೆಯೇ ಕೂರಿಸಿ ಬಲಗೈಯಲ್ಲಿ ಬರೆಸಿದ. ಬರೆದಳು. ಮನೆಗೆ ಬಂದು ಅಷ್ಟನ್ನೂ ಅಳಿಸಿ ಎಡಗೈಯಲ್ಲಿ ಮತ್ತೆ ಬರೆದಳು. ಹಟಮಾರಿ ಎಂದರೆ ಅಂಥ ಹಟಮಾರಿ!

ಪಿಟೀಲು ಕಲಿತು, ಕೋಲು ಬೀಸಿ ತಾಳ ತೋರಿಸುತ್ತಾ ವಾದ್ಯವೃಂದ ನಡೆಸುವುದನ್ನು ಕಲಿಯಲು ರಾಜಧಾನಿ ಆಸ್ಲೋಗೆ ಹೋದಳು. ಅಲ್ಲಿನ ಗುರುಗಳದ್ದೂ ಅದೇ ರಾಗ. "ಕೋಲು ಬಲಗೈಯಲ್ಲೇ ಇರ್ಬೇಕಮ್ಮ. ಎಡಗೈಲಿ ತಾಳ ಹಾಕಿದ್ರೆ ಕನ್ನಡೀಲಿ ನೋಡಿದ ಹಾಗಾಗತ್ತೆ, ವಾದ್ಯದವರು ದಾರಿ ತಪ್ತಾರೆ." ಎರಡು ವರ್ಷ ಬಲಗೈಯಲ್ಲಿ ಪ್ರಯತ್ನಪಟ್ಟಳು. ತಾಳ ಬಂತು, ಜೀವ ಬರಲಿಲ್ಲ. ಒಂದು ದಿನ ಪರೀಕ್ಷೆಯಲ್ಲೇ ಕೋಲನ್ನು ಎಡಗೈಗೆ ಬದಲಾಯಿಸಿದಳು. ಫೇಲು ಮಾಡಿದರು. ಯಾವ ವೃಂದವೂ ಕರೆಯಲಿಲ್ಲ.

ಊರಿಗೆ ಬಂದವಳು ಅಳುತ್ತಾ ಕೂರಲಿಲ್ಲ. ಬಲೆ ಹೆಣೆಯುವ ಅಟ್ಟದ ಮೇಲೆ ಒಂಬತ್ತು ಜನರನ್ನು ಸೇರಿಸಿ ಎಡಗೈಯಲ್ಲೇ ಒಂದು ವೃಂದ ನಡೆಸತೊಡಗಿದಳು. ಅವರಲ್ಲಿ ನಾಲ್ವರಿಗೆ ಸ್ವರ ಓದಲೂ ಬರುತ್ತಿರಲಿಲ್ಲ. ಮೀನಿನ ಹಂಗಾಮಿನಲ್ಲಿ ಅರ್ಧಕ್ಕರ್ಧ ಜನ ಸಮುದ್ರಕ್ಕೆ ಹೋಗಿಬಿಡುವರು. ಉಳಿದವರನ್ನೇ ಕಟ್ಟಿಕೊಂಡು ಏಗಿದಳು. ಇಪ್ಪತ್ತೈದು ವರ್ಷಕ್ಕೆ ನಲವತ್ತೊಂದು ಜನರಾದರು.

ಆ ವರ್ಷದ ಉತ್ಸವ ಕಛೇರಿಯನ್ನು ಟೀವಿಯವರು ಬಂದು ಚಿತ್ರೀಕರಿಸುತ್ತಾರೆ ಎಂದಾಗ ವೃಂದದ ಸಂಘದ ಅಧ್ಯಕ್ಷ ಓಡ್ವಾರ್ ಅವಳ ಮನೆಗೆ ಬಂದ. ತುತ್ತೂರಿ ಊದುವವನು, ಅವಳೇ ತಿದ್ದಿ ತೀಡಿದ ಆಸಾಮಿ. ಕಂದು ಚೀಸು ಹಾಕಿದ ವಾಫಲ್ ದೋಸೆ ತಿನ್ನುತ್ತಾ ಮೆಲ್ಲಗೆ ವಿಷಯ ತೆಗೆದ.

"ಒಂದೇ ಒಂದು ದಿನ ಬಲಗೈಯಲ್ಲಿ ಮಾಡೇ. ದೇಶವೆಲ್ಲ ನೋಡತ್ತೆ. ಹಳ್ಳಿಗುಗ್ಗುಗಳು ಅಂದ್ಕೊಳ್ಳಲ್ವಾ?"

"ನೀನು ಒಂದೇ ಒಂದು ದಿನ ತುತ್ತೂರೀನ ತಿರುಗಿಸಿ ಊದು. ಆಮೇಲೆ ಮಾತಾಡೋಣ."

"ಹಾಗಂದ್ರೆ ಆಸ್ಲೋದಿಂದ ಹೆನ್ನಿಂಗ್ ಅನ್ನೋರನ್ನ ಕೋಲು ಹಿಡಿಯೋಕೆ ಕರೆಸ್ಬೇಕಾಗತ್ತೆ."

"ಕರೆಸ್ಕೋ ಹೋಗು! ದೋಸೆ ಬಿಟ್ಟು ಏಳು ಮೊದಲು."

ಬಾಯಲ್ಲಿ ಹಾಗೆಂದಳು. ಕಛೇರಿಯ ಹಿಂದಿನ ದಿನ ಹೆನ್ನಿಂಗ್ ಜೊತೆ ತಾಲೀಮು. ಹೋಗಬಾರದು ಎಂದುಕೊಂಡೇ ಹೋಗಿ ಸಭಾಂಗಣದ ಕೊನೆಯ ಸಾಲಿನಲ್ಲಿ ಕೋಟು ಬಿಚ್ಚದೆ ಕೂತಳು. ಅವಳಿಗಿದ್ದದ್ದು ಒಂದೇ ಭಯ: ಅವನ ಕೈಯಲ್ಲೂ ಇವರು ಚೆನ್ನಾಗಿ ನುಡಿಸಿಬಿಟ್ಟರೆ? ಹಾಗಾದರೆ ಮೇಷ್ಟ್ರು, ಗುರುಗಳು, ಎಲ್ಲರೂ ಹೇಳಿದ್ದೇ ಸರಿ. ಇಪ್ಪತ್ತೈದು ವರ್ಷ ಬರೀ ಹಟ.

ಹೆನ್ನಿಂಗ್ ಬಲಗೈ ಎತ್ತಿದ. ನಾಲ್ಕೆಣಿಕೆಯ ತಾಳ, ಮೊದಲ ಹೊಡೆತ ಕೆಳಕ್ಕೆ. ಎಲ್ಲರೂ ಸರಿಯಾಗಿ ಹಿಡಿದರು. ಎರಡನೆಯದಕ್ಕೆ ಅವನ ಕೈ ಎಡಕ್ಕೆ ಹೋಯಿತು. ಟೂರಿಡ್‌ಳ ಕೈ ಆ ಕಡೆ ಹೋಗುತ್ತಿದ್ದದ್ದು ಮೂರನೆಯದಕ್ಕೆ. ಅದನ್ನೇ ಮೂರನೆಯದೆಂದುಕೊಂಡು ಕಾರ್ಖಾನೆಯ ಹಾಲ್ದಿಸ್ ತನ್ನ ದೊಡ್ಡ ಪಿಟೀಲಿನ ಕಮಾನನ್ನು ಒಂದು ಹೊಡೆತ ಮೊದಲೇ ಎಳೆದಳು. ಅವಳ ಹಿಂದೆಯೇ ಅರ್ಧ ವೃಂದ ನುಗ್ಗಿತು. ಸಂತೆಯೇ ಸಂತೆ!

ಹೆನ್ನಿಂಗ್ ನಿಲ್ಲಿಸಿದ. "ಎರಡನೇದು ಎಲ್ಲಿ ಹೋಯ್ತಮ್ಮ?"

"ಅದನ್ನೇ ನಾನೂ ಕೇಳ್ಬೇಕೂಂತಿದ್ದೆ," ಎಂದಳು ಹಾಲ್ದಿಸ್. "ಎರಡನ್ನ ನುಂಗ್ಬಿಟ್ರಲ್ಲ ಸ್ವಾಮಿ ನೀವು! ನಮ್ಮೂರಲ್ಲಿ ಅದು ಆ ಕಡೆ ಇರತ್ತೆ."

ಮೂರು ಸಲ ಶುರುಮಾಡಿದರು, ಮೂರು ಸಲವೂ ಅದೇ ಗತಿ. ಕೊನೆಯ ಸಾಲಿನಲ್ಲಿ ಟೂರಿಡ್‌ಗೆ ಕಣ್ಣು ತುಂಬಿ ಬಂತು, ನಗುವೂ ಬಂತು. ಹೆನ್ನಿಂಗ್ ಒಳ್ಳೆಯ ಮನುಷ್ಯ. "ಇವರು ಯಾರ ಕೈ ನೋಡಿ ಕಲ್ತಿದ್ದಾರೋ ಅವರನ್ನೇ ಕರೀರಿ," ಎಂದು ಕೋಲು ಕೆಳಗಿಟ್ಟ.

ಓಡ್ವಾರ್ ಸಾಲುಗಳ ನಡುವೆ ನಡೆದು ಬಂದ. "ಬಾರೇ ಟೂರಿಡ್, ಮಾನ ಉಳಿಸು."

"ಯಾವ ಕೈಲಿ ಉಳಿಸ್ಲಿ?"

"...ಎಡಗೈಲಿ."

"ತುತ್ತೂರಿಯವನ ದನಿ ಇಷ್ಟೇನಾ? ವೇದಿಕೆಗೆ ಕೇಳಿಸ್ಲಿಲ್ಲ."

"ಎಡಗೈಲಿ!" ಎಂದು ಕಿರುಚಿದ ಪುಣ್ಯಾತ್ಮ. ಹಾಲ್ದಿಸ್ ಚಪ್ಪಾಳೆಯ ಬದಲು ಕಮಾನಿನಿಂದ ಸ್ವರಪುಟದ ಸ್ಟ್ಯಾಂಡಿಗೆ ಬಡಿದಳು; ಉಳಿದವರೆಲ್ಲರೂ ಬಡಿದರು.

ಮಾರನೆಯ ದಿನ ಕಛೇರಿಗೆ ಮುಂಚೆ ಟೀವಿಯವನೊಬ್ಬ ತಕರಾರು ತೆಗೆದ. ಕ್ಯಾಮೆರಾ ಇಟ್ಟ ಕಡೆಯಿಂದ ನೋಡಿದರೆ ಎಡಗೈ ಮೇಡಂ ಮುಖಕ್ಕೆ ಅಡ್ಡ ಬರುತ್ತದೆ, ಕೈ ಬದಲಾಯಿಸಿದರೆ ಚೆನ್ನ ಎಂದ. ಟೂರಿಡ್ ಬಾಯಿ ತೆರೆಯುವ ಮೊದಲೇ ಓಡ್ವಾರ್ ತುತ್ತೂರಿ ಕಂಕುಳಲ್ಲಿಟ್ಟುಕೊಂಡು ಎದ್ದು ನಿಂತ.

"ಆ ಕೈ ಎಲ್ಲಿಗೂ ಹೋಗಲ್ಲಪ್ಪ. ನಿನ್ನ ಕ್ಯಾಮೆರಾ ಎತ್ಕೊಂಡು ಈ ಕಡೆ ಬಾ."