ಕಾಣದ ಬೆಂಕಿಗೆ ಒಂದು ಹಿಡಿ ಉಪ್ಪು

ಆಗ ನನಗೆ ಅರವತ್ತೆರಡು ವರ್ಷ. ಇದು ನಾಲ್ಕು ವರ್ಷದ ಹಿಂದಿನ ಮಾತು. ಕಗ್ಗದಾಸಪುರದಲ್ಲಿ ಬಾಡಿಗೆ ಕೋಣೆ ಹಿಡಿದು, ಜೀವನ್ ಬಿಮಾ ನಗರದ ಒಂದು ಮನೆಯಲ್ಲಿ ಅಡುಗೆಗೆ ಹೋಗುತ್ತಿದ್ದೆ. ಆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಸಾಹೇಬರು ವಿಮಾನದ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ರಿಟೈರ್ ಆದ ಗಂಡಸರು ಅಡುಗೆಮನೆಗೆ ಬಂದು ಡಬ್ಬಿ ಎತ್ತಿಡುವುದನ್ನು ಬೇಕಾದಷ್ಟು ನೋಡಿದ್ದೇನೆ. ಇವರು ಕಾರಿನ ಶೆಡ್ಡಿನಲ್ಲಿ ವಿಮಾನ ಮಾಡಲು ಕೂತರು.

ವಿಮಾನ ಎಂದರೆ ಅಂಥ ದೊಡ್ಡದೇನಲ್ಲ. ಮೂರು ಗಾಲಿ, ಎರಡು ಸೀಟು, ಬೆನ್ನ ಹಿಂದೆ ಎಂಜಿನ್ನು, ಅದಕ್ಕೊಂದು ಫ್ಯಾನು. ರೆಕ್ಕೆ ಹೊಸಕೋಟೆಯ ಆಚೆ ಅವರ ಗೆಳೆಯರ ಬಯಲಿನಲ್ಲಿತ್ತು.

“ಸಾಹೇಬ್ರ, ಇದಕ್ಕಿಂತ ಆಟೋನೇ ಚಲೋ ಅದರಿ. ಅದಕ್ಕ ಮೀಟರಾದ್ರೂ ಇರ್ತದ,” ಅಂದಿದ್ದೆ.

“ಒಂದಿನ ಟಿನ್ ಫ್ಯಾಕ್ಟರಿ ಟ್ರಾಫಿಕ್ ಮೇಲೆ ನಿನ್ನನ್ನೇ ಹಾರಿಸ್ಕೊಂಡು ಹೋಗ್ತೀನಿ, ನೋಡ್ತಿರಮ್ಮ.”

“ನನಗ ಬಸ್ ಅದರಿ.”

ಅವರಿಗೆ ಹಾರುವ ಹುಚ್ಚಿಗಿಂತ ಎಂಜಿನ್ನಿಗೆ ಹಾಕುವ ಎಣ್ಣೆಯ ಹುಚ್ಚು ಜಾಸ್ತಿ. ಸಣ್ಣ ವಿಮಾನಗಳಿಗೆ ಈಗಲೂ ಸೀಸ ಬೆರೆಸಿದ ಪೆಟ್ರೋಲು ಹಾಕುತ್ತಾರಂತೆ, ಅದರ ಹೊಗೆ ಕೆಳಗಿರುವ ಮಕ್ಕಳ ತಲೆಗೆ ಕೆಟ್ಟದ್ದಂತೆ. ಅದರ ಬದಲಿಗೆ ಇವರು ಮೆಥನಾಲ್ ಅನ್ನುವ ಸ್ಪಿರಿಟ್ಟು ತರಿಸಿದ್ದರು. ನೋಡಲು ಥೇಟ್ ನೀರು. ಕುಡಿದರೆ ಕಣ್ಣು ಹೋಗುತ್ತದೆ, ಆ ಕ್ಯಾನು ಮುಟ್ಟಬೇಡ ಎಂದು ನನಗೆ ತಾಕೀತು ಮಾಡಿದ್ದರು. ಮುಟ್ಟಲು ನನಗೇನು ಹುಚ್ಚೇ.

ವಿಜಯದಶಮಿಯ ಬೆಳಿಗ್ಗೆ ಗಾಡಿಯನ್ನು ಟೆಂಪೊದಲ್ಲಿ ಬಯಲಿಗೆ ಒಯ್ದು, ರೆಕ್ಕೆ ಕಟ್ಟಿ, ತಾವೇ ಕೂತು ಹಾರುವುದೆಂದು ಗೊತ್ತು ಮಾಡಿಕೊಂಡರು. ಅಕ್ಕಾರಿಗೆ, ಅಂದರೆ ಅವರ ಹೆಂಡತಿಗೆ, ಊಟ ಸೇರದಾಯಿತು. ಅತ್ತರು, ಮಾತು ಬಿಟ್ಟರು, ಎರಡೂ ನಡೆಯಲಿಲ್ಲ. ಕೊನೆಗೆ ನನ್ನ ಹತ್ತಿರ ಬಂದರು.

“ನೀನಾದ್ರೂ ಹೇಳಮ್ಮ. ಆ ಮನುಷ್ಯ ಮೇಲಿಂದ ಬಿದ್ರೆ ನಾನೇನ್ ಮಾಡ್ಲಿ?”

“ನನ್ನ ಮಾತು ಕೇಳೋರಾಗಿದ್ರ ಉಪ್ಪಿಟ್ಟಿಗೆ ಸಕ್ರಿ ಸುರ್ಕೊಂಡು ತಿಂತಿದ್ದಿಲ್ರಿ ಅಕ್ಕಾರ.”

ಹಿಂದಿನ ದಿನ ಆಯುಧಪೂಜೆ. ಸಾಹೇಬರು ಬೆಳಿಗ್ಗೆಯೇ ಟ್ಯಾಂಕಿಗೆ ಆ ಸ್ಪಿರಿಟ್ಟು ತುಂಬಿಸಿ, ಪೈಪು ಹಾಕಿ ಗಾಡಿ ತೊಳೆದರು. ನೆಲವೆಲ್ಲ ನೀರು. ಎಂಜಿನ್ನಿನ ಕೆಳಗೆ ಇಟ್ಟಿದ್ದ ತಗಡಿನ ತಟ್ಟೆಯಲ್ಲೂ ನೀರು ನಿಂತಂತಿತ್ತು, ತೊಳೆದದ್ದೇ ಇರಬೇಕೆಂದು ಯಾರೂ ತಿರುಗಿ ನೋಡಲಿಲ್ಲ. ಮಧ್ಯಾಹ್ನ ಪೂಜೆ. ಎಂಜಿನ್ನಿಗೆ ವಿಭೂತಿ, ಕುಂಕುಮ, ಕೆಳಗಿನವರೆಗೆ ಇಳಿಬಿಟ್ಟ ಚೆಂಡುಹೂವಿನ ಸರ. ಗಾಲಿಗೊಂದು ನಿಂಬೆಹಣ್ಣು.

“ಊದುಬತ್ತಿ ಸಾಕು, ಕರ್ಪೂರ ಬೇಡ,” ಅಂದರು ಅಕ್ಕಾರು.

“ಕಾರ್ಖಾನೆಲಿ ಪ್ರತಿ ವರ್ಷ ಮಂಗಳಾರತಿ ಮಾಡ್ತಿದ್ವಿ. ಏನಾಗಿತ್ತು?” ಎಂದು ಸಾಹೇಬರು ಕರ್ಪೂರ ಹಚ್ಚಿ ಗಾಡಿಯ ಸುತ್ತ ಎತ್ತಿದರು. ಉರಿಯುತ್ತಿದ್ದ ಆರತಿ ತಟ್ಟೆಯನ್ನು ಎಂಜಿನ್ನಿನ ಬುಡಕ್ಕೇ ಇಟ್ಟರು.

ಆಮೇಲೆ ದೃಷ್ಟಿ ತೆಗೆಯುವ ಕೆಲಸ ನನ್ನದು. ಡಬ್ಬಿಯಲ್ಲಿ ಉಳಿದಿದ್ದ ಕಲ್ಲುಪ್ಪೆಲ್ಲ, ಜೊತೆಗೆ ಒಣಮೆಣಸಿನಕಾಯಿ, ಮುಷ್ಟಿ ತುಂಬ ಹಿಡಿದು ಮೊದಲು ಸಾಹೇಬರಿಗೆ ನಿವಾಳಿಸಿದೆ, ಆಮೇಲೆ ಗಾಡಿಗೆ. ಒಲೆಗೆ ಹಾಕೋಣವೆಂದು ತಿರುಗುವಾಗ ನೋಡುತ್ತೇನೆ, ಹೂವಿನ ಸರದ ತುದಿ ತಾನೇ ಮುರುಟಿ ಕಪ್ಪಾಗುತ್ತಿದೆ. ಬೆಂಕಿ ಇಲ್ಲ, ಹೊಗೆ ಇಲ್ಲ. ನಡು ಮಧ್ಯಾಹ್ನದ ಬಿಸಿಲು ಶೆಡ್ಡಿನೊಳಗೆ ಬಿದ್ದಿತ್ತು.

“ಅಕ್ಕಾರ, ಹೂವು ತಾನೇ ಸುಡಲತ್ತದ ನೋಡ್ರಿ,” ಎಂದು ಬಗ್ಗಿದೆ. ಮುಖಕ್ಕೆ ಕಾವು ರಪ್ಪನೆ ಹೊಡೆಯಿತು. ಬೆಚ್ಚಿ ಕೈ ಬಿಟ್ಟೆ. ಉಪ್ಪು, ಮೆಣಸಿನಕಾಯಿ ಎರಡೂ ತಗಡಿನ ತಟ್ಟೆಗೆ ಬಿದ್ದವು. ಬಿದ್ದದ್ದೇ ತಡ, ಮೊಣಕಾಲುದ್ದ ಹಳದಿ ಬೆಂಕಿ ಎದ್ದು ನಿಂತಿತು. ಅಲ್ಲಿಯವರೆಗೆ ಅದು ಉರಿಯುತ್ತಲೇ ಇತ್ತು, ನಮಗೆ ಕಂಡಿರಲಿಲ್ಲ ಅಷ್ಟೇ.

ಸಾಹೇಬರು ಗಾಡಿಯ ಟ್ಯಾಂಕಿನ ನಲ್ಲಿ ತಿರುಗಿಸಿ ಮುಚ್ಚಿದರು. ನಾನು ನೆಲದ ಮೇಲಿದ್ದ ಒದ್ದೆ ಗೋಣಿ ಎಳೆದು ಮೇಲೆ ಹಾಕಿದೆ, ಅಕ್ಕಾರು ಬಕೆಟ್ಟುಗಟ್ಟಲೆ ನೀರು ಸುರಿದರು. ಆರಿತು. ಮೆಣಸಿನಕಾಯಿ ಘಾಟಿಗೆ ಮೂವರೂ ಗೇಟಿನ ಹೊರಗೆ ಹೋಗಿ ಕೆಮ್ಮುತ್ತ ನಿಂತೆವು. ಪಕ್ಕದ ಮನೆಯವರು, “ಒಳ್ಳೇ ದೃಷ್ಟಿ ಆಗಿತ್ತು ಅನ್ಸತ್ತೆ,” ಅಂದು ಒಳಗೆ ಹೋದರು.

ಘಾಟು ಇಳಿದ ಮೇಲೆ ಸಾಹೇಬರು ಎಂಜಿನ್ನಿನ ರಬ್ಬರ್ ಪೈಪು ಹಿಚುಕಿ ನೋಡಿದರು. ಉಬ್ಬಿ ಮೆತ್ತಗಾಗಿ, ಜೋಡಿಸಿದ ಕಡೆ ಹನಿಯುತ್ತಿತ್ತು. ತಗಡಿನ ತಟ್ಟೆಯಲ್ಲಿ ನಿಂತದ್ದು ನೀರಲ್ಲ, ಈ ಸ್ಪಿರಿಟ್ಟು. ಪೆಟ್ರೋಲಿಗೆಂದು ಮಾಡಿದ ರಬ್ಬರನ್ನು ಈ ಸ್ಪಿರಿಟ್ಟು ತಿಂದುಬಿಡುತ್ತದಂತೆ. ನನಗೆ ಆಶ್ಚರ್ಯವಾಗಲಿಲ್ಲ. ನನ್ನ ಗಂಡನೂ ಅದೇ ಜಾತಿಯದನ್ನು ಕುಡಿದು ಹೀಗೇ ಉಬ್ಬಿ ಹೋದವನು.

“ಇದರ ಬೆಂಕಿ ಹಗಲಲ್ಲಿ ಕಣ್ಣಿಗೆ ಕಾಣಲ್ಲ. ಉಪ್ಪು ಬಿದ್ರೆ ಹಳದಿ ಆಗತ್ತೆ,” ಅಂದರು ಸಾಹೇಬರು. “ಅದು ಗೊತ್ತಿತ್ತು ನಂಗೆ.”

“ಗೊತ್ತಿದ್ದೂ ಕರ್ಪೂರ ಹಚ್ಚಿದ್ರಿ,” ಅಂದರು ಅಕ್ಕಾರು.

“ಕಾರ್ಖಾನೆಲಿ ಪೂಜೆಗೆ ಮೊದಲು ಟ್ಯಾಂಕ್ ಖಾಲಿ ಮಾಡ್ತಿದ್ವಿ ಕಣೇ. ಅದೊಂದ್ ಮರೆತೆ.”

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. “ಎಂಜಿನ್ನು ನಿಮ್ಮ ಬೆನ್ನ ಹಿಂದ ಇರ್ತದ. ಮ್ಯಾಲ ಹೋದಾಗ ಹೊತ್ಕೊಂಡ್ರ ಉಪ್ಪಿನ ಡಬ್ಬಿ ಹಿಡ್ಕೊಂಡು ಹಿಂದ ಯಾರು ಕೂಡ್ತಾರ್ರಿ ಸಾಹೇಬ್ರ? ನನ್ನನ್ನಂತೂ ಕರೀಬ್ಯಾಡ್ರಿ.”

ಅವರು ನಗಲಿಲ್ಲ. ಮೆತ್ತಗಾದ ಪೈಪನ್ನು ಕಿತ್ತು ಪಕ್ಕಕ್ಕೆ ಇಟ್ಟರು. ಆಮೇಲೆ ಗೆಳೆಯರಿಗೆ ಫೋನ್ ಮಾಡಿ, “ನಾಳೆ ಟೆಂಪೊ ಕಳಿಸ್ಬೇಡ ಗುರು. ಪೈಪು, ವಾಷರ್ರು ಎಲ್ಲಾ ಬದಲಾಯಿಸ್ಬೇಕು. ಬೆಂಕಿ ಬಿದ್ರೆ ತಿಳಿಯೋ ಹಾಗೆ ಏನಾದ್ರೂ ಮಾಡೋವರ್ಗೂ ನೆಲದ ಮೇಲೇ ಇರ್ಲಿ,” ಅಂದರು. ಅಕ್ಕಾರು ಬಾಗಿಲ ಹಿಂದೆ ನಿಂತು ಪೂರ್ತಿ ಕೇಳಿಸಿಕೊಂಡು, ಏನೂ ಕೇಳಿಸದವರಂತೆ ಒಳಗೆ ಹೋಗಿ ಎರಡು ಹೋಳಿಗೆ ತಿಂದರು.

ಮರುದಿನ ಬೆಳಿಗ್ಗೆ ಬಯಲಿಗೆ ಬುತ್ತಿ ಕಟ್ಟಬೇಕಿತ್ತು, ಕಟ್ಟಲಿಲ್ಲ. ಮನೆಯ ಉಪ್ಪೆಲ್ಲ ದೃಷ್ಟಿಗೆ ಹೋಗಿತ್ತಲ್ಲ, ದಾರಿಯಲ್ಲಿ ಒಂದು ಪೊಟ್ಟಣ ಉಪ್ಪು ತೆಗೆದುಕೊಂಡು ಹೋಗಿ, ಉಪ್ಪಿಟ್ಟು ಮಾಡಿ, ಸಾಹೇಬರ ತಟ್ಟೆಯ ಪಕ್ಕಕ್ಕೆ ಸಕ್ಕರೆ ಡಬ್ಬಿ ಇಟ್ಟೆ.